ಪರಿಚಯದವರಿಗೆ ಮಾತ್ರ

ರುದ್ರಪ್ಪ ಅಂಕಲ್ ಸಿಡ್ನಿಯಿಂದ ಫೋನ್ ಮಾಡಿದಾಗ ತೇಜಸ್ವಿನಿ ಮೆಲ್ಬರ್ನಿನ ತುಂಬಿದ ಟ್ರಾಮಿನಲ್ಲಿ ಒಂದು ಕೈಯಲ್ಲಿ ಕಂಬ ಹಿಡಿದು, ಇನ್ನೊಂದು ಕೈಯಲ್ಲಿ ಬಾಳೆಹಣ್ಣು ಹಿಡಿದು ನಿಂತಿದ್ದಳು. ಫೋನ್ ಎತ್ತಲು ಮೂರನೇ ಕೈ ಇರಲಿಲ್ಲ. ಹಣ್ಣನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡು ಫೋನ್ ಕಿವಿಗಿಟ್ಟಳು.

"ತೇಜು, ನೀ ಕೆಲ್ಸ ಮಾಡ್ತಿಯಲ್ಲ, ಆ ಜಪಾನಿ ಹೋಟ್ಲು, ಅದರ ಬಗ್ಗೆ ಪೇಪರ್‌ನಾಗ ಬಂದೈತಿ ಇವತ್ತು. ಹಗಿಯಾ ಅಂತ. ಅದ ಅಲ್ಲ?"

"ಹ್ಞೂಂ."

"ರೊಕ್ಕ ಕೊಡ್ತೀನಂದ್ರೂ ಒಳಗ ಬಿಡಂಗಿಲ್ಲಂತ. ಯಾರರ ಪರಿಚಯದವ್ರು ಕರ್ಕೊಂಡು ಹೋಗ್ಬೇಕಂತ. ನಮ್ಮ ಮ್ಯಾನೇಜರ್ ಫೋನ್ ಮಾಡಿ ನೋಡಿದ, ಸಾರಿ ಅಂದ್ರಂತ ಅವಂಗ. ನಾ ಅಂದೆ, ನಮ್ಮ ಹುಡುಗಿ ಅಲ್ಲೇ ಅದಾಳ, ನಾ ಹೋಗಿ ಉಂಡು ಬರ್ತೀನಿ ನೋಡ್ತಿರು ಅಂತ. ಮುಂದಿನ ಶನಿವಾರ ಮೆಲ್ಬರ್ನ್‌ಗೆ ಬರೋದೈತಿ. ನಾನು, ನಿಮ್ಮ ಆಂಟಿ, ಇಬ್ರ. ಕೊಡಿಸ್ತಿ ಹೌದಲ್ಲ?"

ಬಾಳೆಹಣ್ಣು ಗಂಟಲಿನಿಂದ ಇಳಿಯುವ ಹೊತ್ತಿಗೆ ಅಂಕಲ್ ಆಫೀಸಿನ ಪೂರ್ತಿ ಮಹಡಿಗೆ ಸುದ್ದಿ ಮುಟ್ಟಿಸಿ ಆಗಿತ್ತು. ಅದು ಫೋನಿನಲ್ಲೇ ಕೇಳಿಸಿತು. ಬಾಯಿ ಖಾಲಿ ಇದ್ದಿದ್ದರೂ ಅವಳು ಇಲ್ಲ ಎನ್ನುತ್ತಿರಲಿಲ್ಲ. ರಾಣೆಬೆನ್ನೂರಿನಿಂದ ಎರಡು ಸೂಟ್‌ಕೇಸ್ ಹಿಡಿದು ಬಂದಿಳಿದಾಗ ಸಿಡ್ನಿಯ ಗಿರಾವೀನ್‌ನ ಅವರ ಮನೆಯಲ್ಲೇ ಇದ್ದಳು. ಜಲಜಾ ಆಂಟಿ ರೊಟ್ಟಿ ಬಡಿದು ಹಾಕಿದ್ದರು, ರೈಲು ಹತ್ತುವುದು ಕಲಿಸಿದ್ದರು, ಜ್ವರ ಬಂದಾಗ ಹಣೆ ಮೇಲೆ ಒದ್ದೆ ಬಟ್ಟೆ ಇಟ್ಟು ಕೂತಿದ್ದರು. ಅಪ್ಪನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದ ಮನುಷ್ಯ ಮೊದಲ ಸಲ ಏನೋ ಕೇಳುತ್ತಿದ್ದಾರೆ. ಕೇಳಿದ್ದು ಮಾತ್ರ ಬೇರೆ ಏನಾದರೂ ಆಗಿರಬಾರದಿತ್ತೇ ಎಂದುಕೊಂಡು ಅವಳು ತನ್ನ ಸ್ಟಾಪ್ ಬಿಟ್ಟು ಮುಂದಿನ ಸ್ಟಾಪಿನಲ್ಲಿ ಇಳಿದಳು.

ಏಕೆಂದರೆ ಹಗಿಯಾ ಸಾಮಾನ್ಯ ಹೋಟೆಲ್ ಅಲ್ಲ. ಫಿಟ್ಜ್‌ರಾಯ್ ಬಡಾವಣೆಯ ಒಂದು ಇಟ್ಟಿಗೆ ಓಣಿಯ ಕೊನೆಯಲ್ಲಿ ಬೋರ್ಡೂ ಇಲ್ಲದ ಮರದ ಬಾಗಿಲು. ಒಳಗೆ ಚಾಪೆ ಹಾಸಿದ ಮೂರೇ ಕೋಣೆ. ಯಜಮಾನಿ ಚಿಯೊ-ಸಾನ್ ಜಪಾನಿನ ಕ್ಯೋಟೊ ಊರಿನವರು; ಸಾನ್ ಅಂದರೆ ನಮ್ಮ 'ಅವರು' ಇದ್ದ ಹಾಗೆ. ಅಲ್ಲಿ ಹಳೆಯ ಪೇಟೆಯ ಕಾಲುವೆ ಪಕ್ಕದಲ್ಲಿ ಅವರ ಅಜ್ಜನ ಅಜ್ಜ ತೆರೆದ ಊಟದ ಮನೆಯನ್ನು ಈಗ ಅವರ ಅಣ್ಣ ನಡೆಸುತ್ತಾರೆ. ಆ ಊರಿನ ಹಳೇ ಮನೆಗಳ ಪದ್ಧತಿಯನ್ನೇ ಚಿಯೊ-ಸಾನ್ ಇಲ್ಲಿಗೂ ತಂದಿದ್ದರು: ಮುಖ ಗೊತ್ತಿಲ್ಲದವರಿಗೆ ಚಾಪೆ ಇಲ್ಲ. ಹಳಬರು ಯಾರಾದರೂ ಪರಿಚಯಿಸಬೇಕು. ಪರಿಚಯಿಸುವುದೆಂದರೆ ಹೆಸರು ಹೇಳಿ ಕೈ ತೊಳೆದುಕೊಳ್ಳುವುದಲ್ಲ. ಬಂದವರು ತಡ ಮಾಡಿದರೆ, ಜೋರಾಗಿ ಕೂಗಾಡಿದರೆ, ಬಟ್ಟಲು ಒಡೆದರೆ ಅವರನ್ನು ಯಾರೂ ಒಂದು ಮಾತೂ ಕೇಳುವುದಿಲ್ಲ. ಕರೆತಂದವರನ್ನು ಕೇಳುತ್ತಾರೆ. ಹೋದ ಚಳಿಗಾಲದಲ್ಲಿ ಒಬ್ಬ ವಕೀಲರು ಪರಿಚಯಿಸಿದ ಅತಿಥಿ ಕುಡಿದು ಕಾಗದದ ಬಾಗಿಲನ್ನೇ ಗೋಡೆಯೆಂದು ಒರಗಿ ಹರಿದಿದ್ದ. ಮರುದಿನ ಹೂವು ಹಿಡಿದು ಕ್ಷಮೆ ಕೇಳಲು ಬಂದದ್ದು ಆ ವಕೀಲರು. ಆಮೇಲೆ ಅವರೂ ಬರಲಿಲ್ಲ.

ಇದಿಷ್ಟೇ ಆಗಿದ್ದರೆ ತೇಜು ಇಷ್ಟು ಹೆದರುತ್ತಿರಲಿಲ್ಲ. ವಿಷಯ ಇನ್ನೊಂದಿತ್ತು. ಕ್ಯೋಟೊದ ಮನೆಗೆ ಒಂದು ವರ್ಷ ಕೆಲಸ ಕಲಿಯಲು ಚಿಯೊ-ಸಾನ್ ಈ ಸಲ ಒಬ್ಬರನ್ನು ಕಳಿಸಬಹುದಿತ್ತು. ಹೋಟೆಲ್ ಮ್ಯಾನೇಜ್‌ಮೆಂಟ್ ಕ್ಲಾಸಿನಲ್ಲಿ ನ್ಯಾಪ್ಕಿನ್ ಮಡಚುವುದು ಕಲಿತು ಬೇಸತ್ತಿದ್ದ ತೇಜುಗೆ ಅಲ್ಲಿಗೆ ತಾನೇ ಹೋಗಬೇಕು ಅನ್ನಿಸಿತ್ತು. ಆಸೆ ಇದೆ ಎಂದು ಹೇಳಿಯೂ ಆಗಿತ್ತು. ಚಿಯೊ-ಸಾನ್ "ನೋಡೋಣ" ಎಂದಿದ್ದರು. ಸೋಮವಾರ ಅಣ್ಣನಿಗೆ ಫೋನ್ ಮಾಡುವವರಿದ್ದರು. ಶನಿವಾರ ರುದ್ರಪ್ಪ ಅಂಕಲ್ ಬರುವವರಿದ್ದರು.

ತೇಜು ಅಂಕಲ್ ವಿಷಯ ಎತ್ತಿದಾಗ ಚಿಯೊ-ಸಾನ್ ಹೂದಾನಿಗೆ ನೀರು ಹಾಕುತ್ತಿದ್ದರು. ಇಬ್ಬರೂ ಮಾತಾಡುವುದು ಇಂಗ್ಲಿಷಿನಲ್ಲಿ. ಆದರೆ ಚಿಯೊ-ಸಾನ್ ಬಾಯಲ್ಲಿ ಇಂಗ್ಲಿಷೂ ಚಾಪೆ ಮೇಲೆ ನಡೆದಂತೆ ಸದ್ದಿಲ್ಲದೆ ಬರುತ್ತಿತ್ತು.

"ನೀನು ಪರಿಚಯಿಸುತ್ತೀಯ?"

"ಹೌದು. ಅವರು ಮೀನು, ಮಾಂಸ, ಮೊಟ್ಟೆ ಏನೂ ತಿನ್ನುವುದಿಲ್ಲ."

"ಕ್ಯೋಟೊದ ಬೌದ್ಧ ಮಠಗಳಲ್ಲೂ ತಿನ್ನುವುದಿಲ್ಲ. ಕುಬೊ-ಸಾನ್‌ಗೆ ಆ ಅಡುಗೆ ಬರುತ್ತದೆ." ಕುಬೊ-ಸಾನ್ ಅಂದರೆ ಅಡುಗೆಯವರು. ಮಾತು ಕಮ್ಮಿ, ಚಾಕು ಜಾಸ್ತಿ. "ಎಷ್ಟು ಜನ?"

"ಇಬ್ಬರು."

"ಅಂದರೆ ಮೂವರು. ಅವತ್ತು ನೀನು ಬಡಿಸುವುದಿಲ್ಲ. ಪರಿಚಯಿಸಿದವಳು ಅತಿಥಿಗಳ ಜೊತೆ ಕೂರುತ್ತಾಳೆ."

ಬಡಿಸುವವಳು ತಾನೇ ಆದರೆ ಅಲ್ಲಲ್ಲಿ ಕಣ್ಸನ್ನೆ ಮಾಡಿ, ತಟ್ಟೆ ಸರಿಸಿ, ಹೇಗೋ ದಾಟಿಸಬಹುದು ಎಂದುಕೊಂಡಿದ್ದಳು. ಕೂತರೆ ಕೈಕಾಲು ಕಟ್ಟಿಹಾಕಿದ ಹಾಗೇ.

ಆ ವಾರವಿಡೀ ಅವಳು ಗಿರಾವೀನ್‌ಗೆ ಫೋನ್ ಮಾಡಿದ್ದೇ ಮಾಡಿದ್ದು. ಸೆಂಟ್ ಹಾಕಿಕೊಳ್ಳಬೇಡಿ. ತೂತಿಲ್ಲದ ಸಾಕ್ಸ್ ಹಾಕಿಕೊಳ್ಳಿ. ಒಳಗೆ ಫೋನ್ ಆಫ್. ಹನ್ನೆರಡು ಅಂದರೆ ಹನ್ನೆರಡು.

"ಹೊಸಾ ಸಾಕ್ಸ್ ತಗೊಂಡೀನವಾ" ಎಂದರು ರುದ್ರಪ್ಪ. "ನಮ್ಮ ಮದಿವಿಗೂ ನಾ ಇಷ್ಟು ತಯಾರಿ ಮಾಡ್ಕೊಂಡಿರ್ಲಿಲ್ಲ. ನಿಮ್ಮ ಆಂಟಿನ್ನ ಕೇಳು."

"ಅಂಕಲ್, ಇಬ್ರೇ ಅಲ್ಲೇನ್ರಿ?"

"ಇಬ್ರ, ಇಬ್ರ. ನಮ್ಮ ಅತ್ತಿ ಬಂದಾರ ಊರಿಂದ, ಆದ್ರ ಅವ್ರು ಅಲ್ಲೇ ಮೆಲ್ಬರ್ನ್‌ನ ಕ್ರೇಗಿಬರ್ನ್‌ನಾಗ, ನಮ್ಮ ದೋಸ್ತ ಶ್ರೀನಾಥನ ಮನ್ಯಾಗ ಇರ್ತಾರ. ಚಿಂತಿ ಬಿಡು."

ಚಿಂತೆ ಬಿಡು ಎಂದ ಮೇಲೆಯೇ ಅವಳಿಗೆ ನಿದ್ದೆ ಹೋಗಿದ್ದು.

ಶನಿವಾರ ಹನ್ನೆರಡಾಯಿತು. ತೇಜು ಓಣಿಯ ಬಾಯಲ್ಲಿ ನಿಂತಿದ್ದಳು. ಚೂಡಿದಾರದ ಮೇಲೆ ಕೋಟು. ಒಂದು ಸೈಕಲ್ ಹೋಯಿತು, ಒಂದು ನಾಯಿ ಹೋಯಿತು. ಅಂಕಲ್‌ಗೆ ಫೋನ್ ಹಚ್ಚಿದರೆ ಸ್ವಿಚ್ ಆಫ್. ಒಳಗೆ ಫೋನ್ ಆಫ್ ಎಂದು ಹೇಳಿದ್ದನ್ನು ಅವರು ಕ್ರೇಗಿಬರ್ನ್‌ನಲ್ಲೇ ಪಾಲಿಸಿಬಿಟ್ಟಿದ್ದರು. ಹಿಂದೆ ಮರದ ಬಾಗಿಲು ಸ್ವಲ್ಪವೇ ಸರಿದು ಮತ್ತೆ ಮುಚ್ಚಿಕೊಂಡಿತು. ತಿರುಗಿ ನೋಡುವ ಧೈರ್ಯ ಅವಳಿಗೆ ಬರಲಿಲ್ಲ.

ಕೊನೆಗೂ ಒಂದು ಬಿಳಿ ಕಾರು ಫುಟ್‌ಪಾತಿಗೆ ಅರ್ಧ ಹತ್ತಿ ನಿಂತಿತು. ನಾಲ್ಕು ಬಾಗಿಲೂ ಒಟ್ಟಿಗೆ ತೆರೆದುಕೊಂಡವು. ನಾಲ್ಕೂ ಬಾಗಿಲುಗಳಿಂದ ಜನ ಇಳಿದರು.

ತೇಜುಗೆ ಎಣಿಸಲು ಬರುತ್ತಿತ್ತು. ಎಣಿಸಬಾರದು ಅನ್ನಿಸಿತು.

"ಪಾರ್ಕಿಂಗ ಸಿಗಲಿಲ್ಲವಾ" ಎಂದು ಜಲಜಾ ಆಂಟಿ ಓಡಿ ಬಂದು ಅವಳ ಕೈ ಹಿಡಿದು ಪಕ್ಕಕ್ಕೆ ಎಳೆದರು. ದನಿ ತಗ್ಗಿಸಿದರು. "ಸಿಟ್ಟಾಗಬ್ಯಾಡ. ಶ್ರೀನಾಥ್ ಅವ್ರ ಮನ್ಯಾಗ ಇಳಕೊಂಡೀವಿ. ಅವ್ರನ್ನ ಮನ್ಯಾಗ ಬಿಟ್ಟು ನಾವಷ್ಟ ಉಣ್ಣಾಕ ಹೋಗೋದು ಹೆಂಗ? ಒಂದ್ ಮಾತಿಗೆ ಬರ್ರಿ ಅಂದ್ವಿ. ಬಂದಬಿಟ್ರು. ಅವ್ರು ಬಂದಮ್ಯಾಲ ಅಮ್ಮನ್ನ ಒಬ್ಬಾಕಿನ್ನ ಖಾಲಿ ಮನ್ಯಾಗ ಕುಂದ್ರಿಸಿ ಬರಾಕ ಆಕ್ಕೇತೇನು? ನೀನ ಹೇಳು."

ತೇಜು ಏನು ಹೇಳಿಯಾಳು? ಈ ಜಾಗದಲ್ಲಿ ತನ್ನ ಅವ್ವ ಇದ್ದಿದ್ದರೂ ಹೀಗೇ ಮಾಡುತ್ತಿದ್ದಳು. ಇಳಿದುಕೊಂಡ ಮನೆಯವರನ್ನು ಬಿಟ್ಟು ಹೋಗಿ ಉಂಡು ಬಂದರೆ ಆಮೇಲೆ ಆ ಮನೆಯ ಹೊಸ್ತಿಲು ದಾಟಲು ಮುಖ ಎಲ್ಲಿರುತ್ತದೆ? ಇದನ್ನು ಕ್ಯೋಟೊದವರಿಗೆ ಇಂಗ್ಲಿಷಿನಲ್ಲಿ ಹೇಗೆ ಹೇಳುವುದು?

ಶ್ರೀನಾಥ್ ಬೆಂಗಳೂರಿನವನು, ಐಟಿಯವನು. ಕಾರಿನ ಕೀ ಬೆರಳಲ್ಲಿ ತಿರುಗಿಸುತ್ತಾ ಬಂದ. "ಹಾಯ್. ತೊಂದ್ರೆ ಆಗುತ್ತೆ ಅಂದ್ರೆ ಹೇಳ್ಬಿಡಿ ಪರ್ವಾಗಿಲ್ಲ, ನಾನು ಇಲ್ಲೇ ಎಲ್ಲಾದ್ರೂ ಒಂದು ಪಿಜ್ಜಾ ತಿನ್ಕೊಂಡಿರ್ತೀನಿ. ಸ್ವಲ್ಪ ಅಡ್ಜಸ್ಟ್ ಆಗೋ ಥರ ಇದ್ರೆ ನೋಡಿ." ಹೀಗೆ ಹೇಳಿದವರು ಯಾರೂ ಇದುವರೆಗೆ ಪಿಜ್ಜಾ ತಿನ್ನಲು ಹೋಗಿಲ್ಲ.

ಕಾರಿನ ಹಿಂಬದಿಯಿಂದ ಕೊನೆಗೆ ಇಳಿದವರು ಇಂದಿರಮ್ಮ, ಜಲಜಾ ಆಂಟಿಯ ತಾಯಿ. ಇಳಕಲ್ ಸೀರೆ, ಹಣೆಗೆ ವಿಭೂತಿ, ಸೀರೆಯ ಮೇಲೆ ಅಳಿಯನ ಹಳೇ ಸ್ವೆಟರ್, ಕಾಲಿಗೆ ಹೊಸ ಸಾಕ್ಸ್. ತೇಜುವನ್ನು ಮೇಲಿಂದ ಕೆಳಗೆ ನೋಡಿ, "ಮಲ್ಲಪ್ಪನ ಮಗಳೇನು? ಸೊರಗೀಯಲ್ಲವಾ. ಇವ್ರು ಉಣ್ಣಾಕ ಹಾಕಂಗಿಲ್ಲೇನು ನಿನಗ?" ಎಂದರು.

ಓಣಿಯ ಕೊನೆ ಮುಟ್ಟುವಷ್ಟರಲ್ಲಿ ಬಾಗಿಲು ಸರಿಯಿತು. ಚಿಯೊ-ಸಾನ್ ಬೂದುಬಣ್ಣದ ಕಿಮೋನೊದಲ್ಲಿ ಮಂಡಿಯೂರಿ ಕೂತಿದ್ದರು. ಕಣ್ಣು ಐದು ಮುಖಗಳ ಮೇಲೂ ಒಂದು ಸಲ ಹಾದುಹೋಯಿತು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಬಗ್ಗಿ ನಮಸ್ಕರಿಸಿ, "ದೂರದಿಂದ ಬಂದಿದ್ದೀರಿ, ಒಳಗೆ ಬನ್ನಿ" ಎಂದರು. ಒಳಗಿನಿಂದ ಬರುತ್ತಿದ್ದ ಕುಬೊ-ಸಾನ್ ಚಾಕುವಿನ ಟಕ್ ಟಕ್ ನಿಂತಿತು. ತೇಜುಗೆ ಆ ನಿಶ್ಶಬ್ದ ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು. ಸ್ವಲ್ಪ ಹೊತ್ತಿನ ಮೇಲೆ ಟಕ್ ಟಕ್ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಒಂದೇ ಒಂದು ಸಮಾಧಾನವಿತ್ತು. ಜಪಾನಿನಲ್ಲಿ ಬಟ್ಟಲುಗಳು ಐದೈದರ ಸೆಟ್ಟಾಗಿ ಬರುತ್ತವೆ. ತನ್ನನ್ನೂ ಸೇರಿಸಿದರೆ ಐದೇ ಜನ. ಶ್ರೀನಾಥನ ಹೆಂಡತಿ ತವರಿಗೆ ಹೋಗಿದ್ದಾಳೆಂದು ತಿಳಿದಾಗ ತೇಜು ಆ ಮಹಾತಾಯಿಗೆ ಮನಸ್ಸಿನಲ್ಲೇ ಕೈ ಮುಗಿದಳು.

ಕೋಣೆಯೊಳಗೆ ಹೋಗುತ್ತಲೇ ಮೊದಲ ತೊಡಕು. ಗೋಡೆಯಲ್ಲಿ ಒಂದು ಗೂಡಿನಂಥ ಜಾಗ, ಅದರಲ್ಲಿ ಉದ್ದನೆಯ ಚಿತ್ರಪಟ, ಕೆಳಗೆ ಒಂದೇ ಒಂದು ಹೂವು. ಆ ಗೂಡಿಗೆ ಬೆನ್ನು ಮಾಡಿ ಕೂರುವುದೇ ಅತಿ ಗೌರವದ ಜಾಗ. ಚಿಯೊ-ಸಾನ್ ಎರಡೂ ಕೈಯಿಂದ ಇಂದಿರಮ್ಮನಿಗೆ ಅದನ್ನೇ ತೋರಿಸಿದರು. ಇಂದಿರಮ್ಮ ಗೂಡಿನ ಮುಂದೆ ನಿಂತು, ಕಣ್ಣು ಮುಚ್ಚಿ, ಕೈ ಮುಗಿದು, ಗಲ್ಲ ತಟ್ಟಿಕೊಂಡರು. ಕೂರಲಿಲ್ಲ.

"ಅಜ್ಜಿ, ಅಲ್ಲೇ ಕುಂದರ್ರಿ. ಅದು ಹಿರೇರ ಜಾಗ."

"ದೇವ್ರಿಗೆ ಬೆನ್ನು ಮಾಡಿ ಕುಂದ್ರು ಅಂತೀಯೇನು?"

"ದೇವ್ರಲ್ರಿ ಅದು, ಬರೇ ಚಿತ್ರ."

"ಹೂವಾ ಇಟ್ಟಾರ."

ಚಿಯೊ-ಸಾನ್ ಕಾಯುತ್ತಿದ್ದರು. ಕಿರಿಯರು ಕೂರುವಂತಿಲ್ಲ, ಹಿರಿಯರು ಕೂರುತ್ತಿಲ್ಲ. ಐದು ಜನ ಸಾಕ್ಸ್ ಹಾಕಿದ ಕಾಲಲ್ಲಿ ಬಸ್ಸಿಗೆ ಕಾಯುವವರಂತೆ ನಿಂತಿದ್ದರು. "ದೇವರಿದ್ದಾರೆ ಎಂದುಕೊಂಡಿದ್ದಾರೆ, ಬೆನ್ನು ಹಾಕಲು ಒಪ್ಪುತ್ತಿಲ್ಲ" ಎಂದು ತೇಜು ಪಿಸುಗುಟ್ಟಿದಳು. ಚಿಯೊ-ಸಾನ್ ಒಂದು ಕ್ಷಣ ಯೋಚಿಸಿ, ಕೂರುವ ದಿಂಬನ್ನು ಎತ್ತಿ, ಗೂಡು ಬೆನ್ನಿಗಲ್ಲ, ಪಕ್ಕಕ್ಕೆ ಬರುವಂತೆ ಇಟ್ಟರು. ಇಂದಿರಮ್ಮ ಕೂತರು. ಚಿಯೊ-ಸಾನ್‌ಗೆ ಹಿಡಿಸಿತೋ, ಕೆಟ್ಟದೆನಿಸಿತೋ, ಮುಖ ನೋಡಿ ಹೇಳಲು ಬ್ರಹ್ಮನಿಗೂ ಆಗುತ್ತಿರಲಿಲ್ಲ.

ಊಟ ಬರತೊಡಗಿತು. ಅಂಗೈಯಷ್ಟಗಲದ ತಟ್ಟೆಯಲ್ಲಿ ಎಳ್ಳಿನ ಹಾಲಿನ ಒಂದು ಬಿಳಿ ತುಂಡು, ಮೇಲೆ ಹಸಿರು ಚುಕ್ಕೆ. ಆಮೇಲೆ ಮುಚ್ಚಳದ ಬಟ್ಟಲಲ್ಲಿ ತಿಳಿಸಾರು, ಅದರೊಳಗೆ ಒಂದು ಅಣಬೆ ತೇಲುತ್ತಿತ್ತು. ರುದ್ರಪ್ಪ ಪ್ರತಿ ತಟ್ಟೆಗೂ "ಎಕ್ಸಲೆಂಟ್" ಎಂದರು. ಸೋಮವಾರ ಆಫೀಸಿನಲ್ಲಿ ಹೇಳಲು ಬಾಯಿಪಾಠ ಮಾಡಿಕೊಳ್ಳುವವರಂತೆ ಪ್ರತಿಯೊಂದರ ಹೆಸರು ಕೇಳಿದರು.

"ಇದು ಎಲಿ ತುದೀಗೆ ಉಪ್ಪು ಉಪ್ಪಿನಕಾಯಿ ಬಡಿಸಿದಂಗಾತು" ಎಂದರು ಇಂದಿರಮ್ಮ. "ಊಟ ಯಾವಾಗಂತ?"

"ಇದೇ ಊಟ ಅಮ್ಮ. ಸುಮ್ನ ಉಣ್ಣು."

"ಮುಗೀತೇನು?"

ಶ್ರೀನಾಥ್ ಫಕ್ಕನೆ ನಕ್ಕ. ಚಾಪೆ ಮೇಲೆ ಅಷ್ಟು ಜೋರಾದ ನಗು ಆ ಮನೆಯಲ್ಲಿ ಹಿಂದೆ ಬಿದ್ದಿರಲಾರದು. ತೇಜು ಅವನ ಕಡೆ ನೋಡಿದ ನೋಟಕ್ಕೆ ಅವನು ಅಣಬೆಯನ್ನು ಅಗಿಯದೆ ನುಂಗಿದ.

"ಕ್ಯೋಟೋಗೆ ಹೋಗ್ತೀರಂತೆ?" ಎಂದ, ವಿಷಯ ಬದಲಿಸಲು.

"ಇನ್ನೂ ಗೊತ್ತಿಲ್ಲ."

"ಇವತ್ತು ನಾವು ಚೆನ್ನಾಗ್ ನಡ್ಕೊಂಡ್ರೆ ಕಳಿಸ್ತಾರೇನೋ" ಎಂದು ತಮಾಷೆ ಮಾಡಿದ. ಯಾರೂ ನಗಲಿಲ್ಲ. ಜಲಜಾ ಆಂಟಿ ಮಾತ್ರ ತೇಜುವಿನ ಮುಖ ನೋಡಿದರು. ನೋಡಿ, ಪರ್ಸಿನಿಂದ ಆಗಲೇ ಅರ್ಧ ಹೊರಬಂದಿದ್ದ ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ಮೆಲ್ಲಗೆ ಒಳಗೆ ತಳ್ಳಿದರು.

ಇಂದಿರಮ್ಮ ಊಟದ ಕಡ್ಡಿಗಳಿಂದ ತಿನ್ನಲೇ ಇಲ್ಲ. ಅವನ್ನು ಜೋಡಿಸಿ ಪಕ್ಕಕ್ಕಿಟ್ಟು ಬೆರಳ ತುದಿಯಿಂದ ನೀಟಾಗಿ ತಿಂದರು. ಅದೊಂದು ಪರವಾಗಿಲ್ಲ ಎಂದು ತೇಜು ಉಸಿರು ಬಿಟ್ಟಳು. ಆದರೆ ನಾಲ್ಕನೆಯದೋ ಐದನೆಯದೋ ತಟ್ಟೆ ಬಂದಾಗ ಅವಳ ಕಡ್ಡಿ ಅರ್ಧಕ್ಕೇ ನಿಂತಿತು. ಎಲ್ಲರ ಮುಂದೆ ಬೇಯಿಸಿದ ಸಿಹಿಗುಂಬಳದ ಹೋಳುಗಳಿದ್ದವು. ಆ ಕುಂಬಳ ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಕುಬೊ-ಸಾನ್ ಅದನ್ನು ಅಡುಗೆಮನೆಯವರ ಊಟಕ್ಕೆಂದು ಹೆಚ್ಚಿ ಇಟ್ಟಿದ್ದರು. ಮೂವರಿಗೆ ಮಾಡಿದ್ದು ಐವರಿಗೆ ಸಾಲದೆ ತಮ್ಮ ಊಟವನ್ನೇ ಅವರು ತಟ್ಟೆಗೆ ಹಾಕಿ ಕಳಿಸುತ್ತಿದ್ದರು. ಅಂಕಲ್ ಅದಕ್ಕೂ "ಎಕ್ಸಲೆಂಟ್" ಎಂದರು. ತೇಜು ತನ್ನ ಹೋಳುಗಳನ್ನು ಬಾಯಿಗಿಡುವಾಗ ತಲೆ ಎತ್ತಲಿಲ್ಲ.

ಕೊನೆಗೆ ಅನ್ನ ಬಂತು. ಹಬೆಯಾಡುವ ಅನ್ನ, ಉಪ್ಪಿನಲ್ಲಿ ಹಾಕಿದ ಮೂಲಂಗಿ, ಒಂದು ಸಾರು. ಇಂದಿರಮ್ಮನ ಮುಖ ಮೊದಲ ಸಲ ಅರಳಿತು. ಬಟ್ಟಲನ್ನು ಅಂಗೈಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು ಉಂಡರು. ಚಿಯೊ-ಸಾನ್ ಕೇಳದೆಯೇ ಎರಡನೇ ಸಲ ಬಡಿಸಿದರು. ತೇಜು ಗೋಡೆ ಗಡಿಯಾರದತ್ತ ನೋಡಿದಳು. ಇನ್ನು ಚಹಾ, ನಮಸ್ಕಾರ. ದಡ ಕಾಣುತ್ತಿತ್ತು.

ಹಾಲಿಲ್ಲದ ಚಹಾ ಬಂತು. ಆಗ ಇಂದಿರಮ್ಮ ತಮ್ಮ ಲೋಟ ಎತ್ತಿ, ಬಿಸಿ ಚಹಾವನ್ನು ಅನ್ನದ ಬಟ್ಟಲಿಗೆ ಸುರಿದು, ಅದರೊಳಗೆ ಬೆರಳು ಇಳಿಸಹೋದರು.

ಅವರು ಏನು ಮಾಡಲಿದ್ದಾರೆಂದು ತೇಜುಗೆ ಆ ಬೆರಳು ಬಟ್ಟಲಿಗೆ ತಾಗುವ ಮೊದಲೇ ಗೊತ್ತಾಯಿತು. ಬಟ್ಟಲು ತೊಳೆಯುತ್ತಾರೆ. ತೊಳೆದ ನೀರನ್ನು ಪಕ್ಕದ ಬಟ್ಟಲಿಗೆ ಹಾಕಿ ಅದನ್ನೂ ತೊಳೆಯುತ್ತಾರೆ. ಒಂದು ಅಗುಳೂ ಬಿಡದೆ ಬಳಿದು ಗಟಗಟನೆ ಕುಡಿಯುತ್ತಾರೆ. ರಾಣೆಬೆನ್ನೂರಿನ ಅವರ ಓಣಿಯಲ್ಲಿ ಹಿರಿಯರು ಎಲ್ಲರೂ ಹಾಗೆಯೇ. ತಟ್ಟೆಯಲ್ಲಿರುವುದು ಬರೀ ಅನ್ನವಲ್ಲ, ಪ್ರಸಾದ. ಆದರೆ ಇದು ಕ್ಯೋಟೊದಿಂದ ಹತ್ತಿಯಲ್ಲಿ ಸುತ್ತಿ ತಂದ ಹಳೆಯ ಬಟ್ಟಲು. ಒರೆಸುವಾಗ ತೇಜು ಉಸಿರು ಹಿಡಿದುಕೊಳ್ಳುತ್ತಿದ್ದ ಬಟ್ಟಲು.

ಅವಳ ಕೈ ತಾನಾಗಿ ಮುಂದೆ ಹೋಗಿ ಬಟ್ಟಲಿನ ಬಾಯಿ ಮುಚ್ಚಿತು.

ಅದೇ ಗಳಿಗೆಗೆ ಬಾಗಿಲು ಸರಿಸಿ ಚಿಯೊ-ಸಾನ್ ಹೊಸ್ತಿಲಲ್ಲಿ ಮಂಡಿಯೂರಿದರು.

"ಅತಿಥಿಗೆ ಏನಾದರೂ ಬೇಕೆ?"

"ಇಲ್ಲ" ಎಂದಳು ತೇಜು. "ಬಟ್ಟಲಿನ ಒಳಗಿನ ಚಿತ್ರ ನೋಡುತ್ತಿದ್ದಾರೆ. ಬಹಳ ಚೆನ್ನಾಗಿದೆಯಂತೆ."

ಚಿಯೊ-ಸಾನ್ ಕಣ್ಣು ತೇಜುವಿನ ಅಂಗೈ ಮೇಲೆ ಇಳಿಯಿತು. "ಹಾಗೋ. ಕೈ ತೆಗೆದರೆ ಇನ್ನೂ ಚೆನ್ನಾಗಿ ಕಾಣಬಹುದು."

ತೇಜು ಕೈ ಹಿಂದೆ ತೆಗೆದುಕೊಂಡಳು. ಚಿಯೊ-ಸಾನ್ ಏನೂ ಆಗದವರಂತೆ, ಅದು ಈ ಮನೆಗೆ ಹೆಸರು ಕೊಟ್ಟ ಹಗಿ ಹೂವಿನ ಚಿತ್ರ, ತಮ್ಮ ಅಜ್ಜಿಯ ಕಾಲದಲ್ಲಿ ಬರೆಸಿದ್ದು ಎಂದು ವಿವರಿಸಿದರು. ರುದ್ರಪ್ಪ ತಲೆಯಾಡಿಸಿದರು. ಇಂದಿರಮ್ಮ ಇಬ್ಬರ ಮುಖವನ್ನೂ ನೋಡಿ ಕೇಳಿದರು:

"ಏನಂದಿ ಆಕಿಗೆ?"

"ಬಟ್ಟಲಾ ಚಂದ ಐತಿ ಅಂದೆ ಅಜ್ಜಿ."

"ಅದಕ್ಕ ಮುಖ ಯಾಕ ಹಂಗ ಮಾಡಿದಿ? ಸುಳ್ಳ ಹೇಳಿದಿ."

ರುದ್ರಪ್ಪ ಮಂಡಿ ಹಿಡಿದುಕೊಂಡು ಎದ್ದರು. ಶ್ರೀನಾಥನೂ ಎದ್ದ. ಜಲಜಾ ಆಂಟಿ ತಾಯಿಯ ತೋಳಿಗೆ ಕೈ ಹಾಕಿದರು. "ಏಳಮ್ಮ. ಕಾಲು ಹಿಡ್ಕೊಂಡೈತೇನು?"

"ಕಾಲಲ್ಲ. ಬಟ್ಟಲಾಗ ಅಗಳು ಅದಾವು."

"ಅತ್ತೀ, ಇಲ್ಲಿ ಹಂಗ ಮಾಡಬಾರ್ದು" ಎಂದರು ರುದ್ರಪ್ಪ, ನಗುಮುಖವನ್ನು ಚಿಯೊ-ಸಾನ್ ಕಡೆಗೂ ಮಾತನ್ನು ಅತ್ತೆಯ ಕಡೆಗೂ ಇಟ್ಟುಕೊಂಡು. "ಇದು ದೊಡ್ಡ ಹೋಟ್ಲು."

"ದೊಡ್ಡ ಹೋಟ್ಲಾಗ ಅನ್ನ ಬ್ಯಾರೆ ಇರ್ತೈತೇನು? ಪ್ರಸಾದ ಬಿಟ್ಟು ನಾ ಏಳಂಗಿಲ್ಲ."

ಸಿಟ್ಟಿಲ್ಲ, ಹಟವೂ ಇಲ್ಲ. ಮಳೆ ನಿಂತ ಮೇಲೆ ಹೋಗೋಣ ಅನ್ನುವ ಹಾಗೆ ಹೇಳಿದರು. ಬೇಡವೆಂದವರೇ ಹ್ಞೂಂ ಅನ್ನಲಿ ಎಂಬಂತೆ ಬಟ್ಟಲಿನ ಸುತ್ತ ಕೈಯಿಟ್ಟುಕೊಂಡು ಕೂತರು. ಅತಿಥಿ ಏಳುವವರೆಗೆ ಯಜಮಾನಿಯೂ ಹೊಸ್ತಿಲಿನಿಂದ ಏಳುವಂತಿಲ್ಲ. ಆಚೆ ಕೋಣೆಯವರು ಬರುವ ಹೊತ್ತಾಗಿತ್ತು. ಚಹಾ ತಣ್ಣಗಾಗುತ್ತಿತ್ತು. ಎಲ್ಲರೂ ತೇಜುವನ್ನು ನೋಡುತ್ತಿದ್ದರು, ಏಕೆಂದರೆ ಕರೆತಂದವಳು ಅವಳು.

ಇಂದಿರಮ್ಮ ಅವಳ ಕಡೆ ತಿರುಗಿದರು. "ನಿಮ್ಮ ಮನ್ಯಾಗ ತೊಳದು ಕುಡಿಯಂಗಿಲ್ಲೇನು?"

"ಕುಡೀತಾರ ಅಜ್ಜಿ."

"ಮತ್ತ?"

ಆ "ಮತ್ತ"ಕ್ಕೆ ಉತ್ತರ ಹುಡುಕುತ್ತಾ ತೇಜುಗೆ ಕ್ಯೋಟೊ ಕಣ್ಣ ಮುಂದೆ ಬಂತು. ತಾನು ಎಂದೂ ನೋಡದ ಕಾಲುವೆ, ಮರದ ಸೇತುವೆ, ನೀರು ಚಿಮುಕಿಸಿದ ಬಾಗಿಲು, ಎಲ್ಲ. ಅದು ಮೆಲ್ಲಗೆ ದೂರ ಸರಿಯುತ್ತಿದೆ ಅನ್ನಿಸಿತು. ಹೋಗುವುದಾದರೆ ಹೋಗಲಿ, ಈ ಮುದುಕಿಯನ್ನು ಹೀಗೆ ಒಬ್ಬಳನ್ನೇ ಕೂರಿಸಿ ಹೋಗುವುದು ಬೇಡ. ಅವಳು ತನ್ನ ಲೋಟದ ಚಹಾವನ್ನು ತನ್ನ ಅನ್ನದ ಬಟ್ಟಲಿಗೆ ಸುರಿದಳು. ಸ್ವಲ್ಪ ಚಾಪೆಗೂ ಬಿತ್ತು. ಬೆರಳಿನಿಂದ ಸುತ್ತಲೂ ತಿಕ್ಕಿದಳು. ಅಗುಳು ಬಿಟ್ಟುಕೊಂಡವು. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಕುಡಿದಳು. ಹುರಿದ ಚಹಾದ ವಾಸನೆ, ಒಂದಿಷ್ಟು ಉಪ್ಪು. ಕೆಳಗಿಟ್ಟಾಗ ಬಟ್ಟಲಿನ ತಳದಲ್ಲಿ ಹೂವು ಒದ್ದೆಯಾಗಿ ಹೊಳೆಯುತ್ತಿತ್ತು.

"ಇವರ ಮನೆಯಲ್ಲಿ ಹೀಗೆ ಮಾಡುತ್ತಾರೆ" ಎಂದಳು ಇಂಗ್ಲಿಷಿನಲ್ಲಿ. "ನಮ್ಮ ಮನೆಯಲ್ಲೂ."

ಚಿಯೊ-ಸಾನ್ ಮಂಡಿಯ ಮೇಲೇ ಮುಂದೆ ಸರಿದು ಬಂದು, ಇಂದಿರಮ್ಮನ ತಣ್ಣಗಾದ ಬಟ್ಟಲಿಗೆ ಹೂಜಿಯಿಂದ ಇನ್ನೊಂದಿಷ್ಟು ಬಿಸಿ ಚಹಾ ಹಾಕಿ ಹಿಂದೆ ಸರಿದರು. ಇಂದಿರಮ್ಮ ಬಟ್ಟಲು ಬಟ್ಟಲಾಗಿ ಎಲ್ಲವನ್ನೂ ತೊಳೆದು ಕುಡಿದು, ಬಾಯಿ ಒರೆಸಿಕೊಂಡು, "ಈಗ ನಡೀರಿ" ಎಂದರು.

ಹೋಗುವುದು ಕೂಡ ಸುಲಭವಾಗಲಿಲ್ಲ. ಕ್ಯೋಟೊದವರು ಅತಿಥಿ ತಿರುವಿನಲ್ಲಿ ಮರೆಯಾಗುವವರೆಗೆ ಬಾಗಿಲಲ್ಲಿ ಬಗ್ಗಿ ನಿಲ್ಲುತ್ತಾರೆ. ನಮ್ಮವರು "ಬರ್ತೀವಿ" ಎಂದ ಮೇಲೆ ಬಾಗಿಲಲ್ಲಿ ನಿಂತೇ ಮುಖ್ಯ ಮಾತು ಶುರು ಮಾಡುತ್ತಾರೆ. ರುದ್ರಪ್ಪ ಬರ್ತೀವಿ ಎಂದರು, ಚಿಯೊ-ಸಾನ್ ಬಗ್ಗಿದರು. ಜಲಜಾ ಆಂಟಿ ತೇಜುವಿನ ಬಾಡಿಗೆ ರೂಮಿನ ಹೀಟರ್ ವಿಚಾರಿಸಿದರು, ಚಿಯೊ-ಸಾನ್ ಬಗ್ಗಿದರು. ಶ್ರೀನಾಥ್ ಕಾರಿನವರೆಗೆ ಹೋಗಿ ಕೀ ಮರೆತು ವಾಪಸ್ ಬಂದ, ಚಿಯೊ-ಸಾನ್ ಮತ್ತೆ ಬಗ್ಗಿದರು. ಇಂದಿರಮ್ಮ ಕಾರಿನಿಂದ ಕೈ ಚಾಚಿ ತೇಜುವಿನ ಗಲ್ಲ ಹಿಡಿದು, "ಆಕಿ ಚಲೋ ಬಡಿಸಿದಳು ಅಂತ ಹೇಳು. ಸುಳ್ಳಲ್ಲ ಅಂತನೂ ಹೇಳು" ಎಂದರು. ಕಾರು ಹಿಂದಕ್ಕೆ ಬಂದು, ಮುಂದಕ್ಕೆ ಹೋಗಿ, ಕೊನೆಗೂ ತಿರುಗಿತು. ಚಿಯೊ-ಸಾನ್ ನೆಟ್ಟಗಾಗಿ ಸೊಂಟಕ್ಕೆ ಕೈ ಕೊಟ್ಟರು. ಅವರು ಹಾಗೆ ಮಾಡಿದ್ದನ್ನು ತೇಜು ಎಂದೂ ನೋಡಿರಲಿಲ್ಲ.

ಅಡುಗೆಮನೆಯಲ್ಲಿ ಕುಬೊ-ಸಾನ್ ನಿಂತುಕೊಂಡೇ ನೂಡಲ್ಸ್ ತಿನ್ನುತ್ತಿದ್ದರು. ತೇಜು ಅವರ ಮುಂದೆ ನಿಂತು ಬಗ್ಗಿದಳು. "ಮೂವರು ಅಂದಿದ್ದೆ. ತಪ್ಪು ನನ್ನದು."

"ಕುಂಬಳ ಸರಿಯಾಗಿತ್ತಾ?" ಎಂದರು ಕುಬೊ-ಸಾನ್.

"ಎಕ್ಸಲೆಂಟ್ ಅಂದರು."

ಅವರು ಗುರ್ ಎಂದು ಮತ್ತೆ ಬಟ್ಟಲಿಗೆ ಮುಖ ಹಾಕಿದರು.

ಚಿಯೊ-ಸಾನ್ ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. "ಮೊದಲು ನೀನು ಹೇಳಿದ್ದು ಸುಳ್ಳು ಅಲ್ಲವೇ?"

"ಹೌದು."

"ಕೆಟ್ಟ ಸುಳ್ಳಲ್ಲ. ಕ್ಯೋಟೊದಲ್ಲಿ ಅಂಥದ್ದು ದಿನವೂ ಬೇಕಾಗುತ್ತದೆ." ಕಿಮೋನೊದ ತೋಳು ಸರಿಪಡಿಸಿಕೊಂಡರು. "ಆಮೇಲೆ ಮಾಡಿದ್ದೂ ಬೇಕಾಗುತ್ತದೆ. ನಮ್ಮ ಅಜ್ಜ ಹುಡುಗನಾಗಿದ್ದಾಗ ಮಠದಲ್ಲಿ ಇದ್ದರು. ಅಲ್ಲೂ ಬಟ್ಟಲು ತೊಳೆದು ಕುಡಿಯುತ್ತಿದ್ದರಂತೆ. ಬೆರಳಿನಿಂದ ಅಲ್ಲ, ಮೂಲಂಗಿಯ ತುಂಡಿನಿಂದ. ಯಾವಾಗ ಯಾವುದು ಅನ್ನುವುದು ನಿನಗೆ ಇನ್ನೂ ಗೊತ್ತಿಲ್ಲ."

ತೇಜು ತಲೆ ತಗ್ಗಿಸಿ ನಿಂತಳು. ಅಂದರೆ ಇಲ್ಲ. ಸೋಮವಾರದ ಫೋನ್ ಇಲ್ಲ. ಮುಂದಿನ ಮಾತು ಕೇಳಿಸಿಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಅಲ್ಲಿ ಕಲಿಸುತ್ತಾರೆ. ನಮ್ಮ ಅತ್ತಿಗೆ ಬಹಳ ಕಟ್ಟುನಿಟ್ಟು. ಬಟ್ಟಲಿನ ಮೇಲೆ ಕೈ ಇಟ್ಟರೆ ಬೆರಳಿಗೆ ಕಡ್ಡಿಯಿಂದ ಹೊಡೆಯುತ್ತಾರೆ."

ತೇಜು ತಲೆ ಎತ್ತಿದಳು. ಸಂತೋಷ ಬರಬೇಕಿತ್ತು. ಬಂತು ಕೂಡ, ಆದರೆ ಅದರ ಬೆನ್ನಿಗೇ ಅಂಜಿಕೆಯೂ ಬಂತು. ಚಿಯೊ-ಸಾನ್ ಅವಳ ಮುಖ ಓದಿದವರಂತೆ ಹೇಳಿದರು:

"ಇವತ್ತು ಅವರೆಲ್ಲರಿಗೆ ನೀನು ಹೊಣೆಯಾಗಿದ್ದೆ. ಅಲ್ಲಿ ನಿನಗೆ ನಾನು ಹೊಣೆ. ನೀನು ಏನು ಮಾಡಿದರೂ ಅಣ್ಣ ನನ್ನನ್ನು ಕೇಳುತ್ತಾನೆ. ಸೊಂಟ ಈಗಲೇ ನೋಯುತ್ತಿದೆ."

ಎದ್ದು ಆಚೆ ಕೋಣೆಗೆ ಹೋದರು. ಹೊಸ ಅತಿಥಿಗಳ ದನಿ ಬಾಗಿಲಲ್ಲಿ ಕೇಳಿಸಿತು. ತೇಜು ಕೋಟು ಬಿಚ್ಚಿ, ತೋಳು ಮಡಚಿ, ತಟ್ಟೆಗಳನ್ನು ತಂದು ಸಿಂಕಿನ ಪಕ್ಕದಲ್ಲಿಟ್ಟಳು. ಇಂದಿರಮ್ಮನ ಬಟ್ಟಲುಗಳು ಫಳಫಳ ಹೊಳೆಯುತ್ತಿದ್ದವು. ವರ್ಷದಿಂದ ತೊಳೆಯುತ್ತಿದ್ದ ಅವೇ ಬಟ್ಟಲುಗಳನ್ನು ಮೊದಲ ದಿನದ ಹಾಗೆ ಎರಡೂ ಕೈಯಲ್ಲಿ ಒಂದೊಂದಾಗಿ ಎತ್ತಿಕೊಂಡಳು. ಒಡೆದರೆ ಕೇಳುವುದು ಇನ್ನು ಅವಳೊಬ್ಬಳನ್ನಲ್ಲ.

"ಅವು ತೊಳೆದಾಗಿದೆ" ಎಂದರು ಕುಬೊ-ಸಾನ್, ನೂಡಲ್ಸಿನಿಂದ ತಲೆ ಎತ್ತದೆ. "ಆದರೂ ತೊಳಿ."